ನಾಪಾ ಕಣಿವೆಗೆ ಹೊರಟವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಯಾನ್ ಫ್ರಾನ್ಸಿಸ್ಕೋ ಆಸುಪಾಸಿನ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆ ತೋರಿಸುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಗೋಲ್ಡನ್ ಗೇಟ್ ಸೇತುವೆ, ಯೊಸೆಮಿಟಿ, ಲಿವರ್‌ಮೋರ್ ದೇವಸ್ಥಾನ. ಮೂರನೆಯ ವಾರಕ್ಕೆ ಯಾರಾದರೊಬ್ಬರು, ಹಿರಿಯರು ಪಕ್ಕದಲ್ಲಿಲ್ಲದ ಹೊತ್ತು ನೋಡಿ, ‘ಅದೇನೋ ನಾಪಾ ಅಂತಾರಲ್ಲ, ದೂರವೇ?’ ಎಂದು ಕೇಳುತ್ತಾರೆ. ದ್ರಾಕ್ಷಿ ಬೆಳೆದು ವೈನ್ ಮಾಡುವ ಕಣಿವೆ ಅದು, ದೂರವೇನಲ್ಲ. ಹೀಗೆ ಕೇಳಿದವರನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಬಂದು ನನಗೆ ಉತ್ತರಗಳು ಬಾಯಿಪಾಠವಾಗಿವೆ. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ನಾಪಾಗೆ ಹೋಗುವುದೋ, ಸೊನೋಮಾಗೋ?

ಎರಡೂ ಅಕ್ಕಪಕ್ಕದ ಕೌಂಟಿಗಳು, ನಡುವೆ ಮಯಾಕಮಾಸ್ ಬೆಟ್ಟಸಾಲು. ಸ್ಯಾನ್ ಫ್ರಾನ್ಸಿಸ್ಕೋದಿಂದ ನಾಪಾ ಊರಿಗೆ ಸುಮಾರು 80 ಕಿ.ಮೀ. ಕಣಿವೆ ಉದ್ದಕ್ಕೆ 48 ಕಿ.ಮೀ. ಇದ್ದರೂ ಅಗಲ 8 ಕಿ.ಮೀ. ಮೀರದು. ಅದರ ಉದ್ದಕ್ಕೂ ಎರಡು ರಸ್ತೆಗಳು: ಹೆದ್ದಾರಿ 29 ಮತ್ತು ಸಿಲ್ವರಾಡೊ ಟ್ರೇಲ್. ಮೊದಲನೆಯದರಲ್ಲಿ ಹೆಸರಾಂತ ವೈನರಿಗಳ, ಅಂದರೆ ವೈನ್ ತಯಾರಿಸುವ ಕಡೆಗಳ, ಫಲಕಗಳೂ ವಾಹನಗಳ ಸಾಲೂ ಇರುತ್ತವೆ, ಎರಡನೆಯದರಲ್ಲಿ ನೆಮ್ಮದಿ. ಹೋಗುವಾಗ 29, ಬರುವಾಗ ಸಿಲ್ವರಾಡೊ ಎಂಬುದು ನನ್ನ ವಾಡಿಕೆ. ಇಷ್ಟು ಹೆಸರು ಮಾಡಿದ ಈ ಕಣಿವೆ ಕ್ಯಾಲಿಫೋರ್ನಿಯಾದ ಒಟ್ಟು ವೈನಿನಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲನ್ನಷ್ಟೇ ತಯಾರಿಸುತ್ತದೆ.

ಸೊನೋಮಾ ಹರಡಿಕೊಂಡ ಸೀಮೆ. ಕಡಲ ತೀರದವರೆಗೂ ಹೋಗುತ್ತದೆ, ನಡುನಡುವೆ ಕಾಡು, ಸೇಬಿನ ತೋಟ. ಅಲ್ಲಿನ ಬ್ಯುಯೆನಾ ವಿಸ್ಟಾ 1857ರದ್ದು, ಗುಂಡ್ಲಾಖ್ ಬುಂಡ್ಶು 1858ರದ್ದು. ಬೆಲೆಯೂ ಬಿಗುಮಾನವೂ ಅಲ್ಲಿ ಸ್ವಲ್ಪ ಕಡಿಮೆ. ಒಂದೇ ಸಲ ಬರುವವರು ನಾಪಾ ನೋಡಿಬಿಡಿ, ಇಲ್ಲದಿದ್ದರೆ ಊರಿಗೆ ಹೋದ ಮೇಲೆ ‘ನಾಪಾಗೆ ಹೋಗಲಿಲ್ಲವೇ?’ ಎಂದು ಕೇಳುವವರಿಗೆ ಉತ್ತರ ಕೊಡಬೇಕಾಗುತ್ತದೆ. ನನ್ನ ಮನಸ್ಸು ಮಾತ್ರ ಸೊನೋಮಾ ಕಡೆಗೆ.

ಅಂದ ಹಾಗೆ, ನಾವು ಶಿವ-ವಿಷ್ಣು ದೇವಸ್ಥಾನಕ್ಕೆಂದು ಹೋಗುವ ಲಿವರ್‌ಮೋರ್ ಕೂಡ ಹಳೆಯ ವೈನ್ ಕಣಿವೆಯೇ. ವೆಂಟೆ ಕುಟುಂಬ ಅಲ್ಲಿ 1883ರಿಂದ ದ್ರಾಕ್ಷಿ ಬೆಳೆಯುತ್ತಿದೆ. ದರ್ಶನ, ಪ್ರಸಾದ ಮುಗಿಸಿ ಹಾಗೇ ಆ ಕಡೆ ಹೋಗಿಬರುವವರು ನನಗೆ ಗೊತ್ತು. ಹೆಸರು ಬೇಡ.

ಒಂದು ದಿನಕ್ಕೆ ಎಷ್ಟು ವೈನರಿ ನೋಡಬಹುದು?

ಎರಡು. ‘ಅಷ್ಟು ದೂರ ಹೋಗಿ ಎರಡೇ?’ ಎಂದು ಎಲ್ಲರೂ ಮುಖ ಸಣ್ಣದು ಮಾಡುತ್ತಾರೆ. ಮೊದಲ ಸಲ ನಾನೂ ಹಾಗೇ ಅಂದುಕೊಂಡು ಗೆಳೆಯರ ಜೊತೆ ಐದು ಕಡೆ ಹೋಗಿದ್ದೆ. ಮೊದಲ ಎರಡರ ನೆನಪು ಚೆನ್ನಾಗಿದೆ. ಮೂರನೆಯದರಲ್ಲಿ ಒಂದು ನಾಯಿ ಇತ್ತು. ಐದನೆಯ ಕಡೆ ಬಹಳ ಮೆಚ್ಚಿ ಲೇಬಲ್ಲಿನ ಚಿತ್ರ ತೆಗೆದುಕೊಂಡಿದ್ದೆ. ಮರುದಿನ ನೋಡಿದರೆ ಅದರ ತುಂಬ ನನ್ನ ಹೆಬ್ಬೆರಳು.

ಲೆಕ್ಕ ಹಾಕಿ ನೋಡಿ. ಒಂದು ಕಡೆ ರುಚಿ ನೋಡಲು ಸಾಮಾನ್ಯವಾಗಿ ಐದು ಬಗೆಯ ವೈನ್ ಸುರಿಯುತ್ತಾರೆ, ಇದಕ್ಕೇ ಟೇಸ್ಟಿಂಗ್ ಎನ್ನುವುದು. ಒಂದೊಂದು 45 ಮಿಲಿಲೀಟರ್ ಎಂದರೂ 225 ಮಿಲಿ ಆಯಿತು. ಎರಡು ಕಡೆಯದು ಸೇರಿದರೆ ಅರ್ಧ ಬಾಟಲಿಗಿಂತ ಹೆಚ್ಚು, ಅದೂ ಬಿಸಿಲಿನಲ್ಲಿ. ನಾಪಾದ ಕೆಂಪು ವೈನಿನಲ್ಲಿ ಆಲ್ಕೋಹಾಲ್ ಶೇಕಡ 14 ಮೀರುವುದು ಮಾಮೂಲು. ಹನ್ನೊಂದಕ್ಕೆ ಒಂದು, ನಡುವೆ ಸರಿಯಾದ ಊಟ, ಎರಡೂವರೆಗೆ ಇನ್ನೊಂದು. ಅಷ್ಟು ಸಾಕು.

ಮೊದಲೇ ಕಾದಿರಿಸಬೇಕೇ? ಹಾಗೇ ಹೋದರೆ ಒಳಗೆ ಬಿಡುವುದಿಲ್ಲವೇ?

ನಾಪಾದಲ್ಲಿ ಕಾದಿರಿಸಿಯೇ ಹೋಗಿ. ಇದು ಅವರ ಜಂಬವಲ್ಲ, ಕಾನೂನು. 1968ರಲ್ಲಿ ನಾಪಾ ಕೌಂಟಿ ತನ್ನ ಕಣಿವೆಯನ್ನು ಕೃಷಿಗೇ ಮೀಸಲಿಟ್ಟಿತು. ಅಮೆರಿಕದಲ್ಲಿ ಇಂಥ ಮೊದಲ ಕೃಷಿ ಮೀಸಲು ಪ್ರದೇಶ ಇದೇ. ಆಮೇಲೆ 1990ರ ಕಟ್ಟಳೆಯೊಂದು ಹೊಸ ವೈನರಿಗಳು ಮುಂಚಿತವಾಗಿ ತಿಳಿಸಿ ಬಂದವರಿಗೆ ಮಾತ್ರ ಟೇಸ್ಟಿಂಗ್ ಕೊಡಬೇಕು ಎಂದಿತು. ವೈನರಿಗಳು ಮದುವೆ ಮಂಟಪಗಳಾಗಿ, ಹೋಟೆಲುಗಳಾಗಿ ಮಾರ್ಪಡಬಾರದು ಎಂಬುದು ಅದರ ಕಾಳಜಿ. ದೇವನಹಳ್ಳಿ ಸುತ್ತಿನ ದ್ರಾಕ್ಷಿ ತೋಟಗಳು ಬಡಾವಣೆಗಳಾದದ್ದನ್ನು ಕಣ್ಣಾರೆ ಕಂಡವರಿಗೆ ಈ ಕಟ್ಟಳೆಯ ಬೆಲೆ ಬೇಗ ತಿಳಿಯುತ್ತದೆ.

ಶನಿವಾರ, ಭಾನುವಾರ ಬಿಟ್ಟು ಮಂಗಳವಾರವೋ ಬುಧವಾರವೋ ಹೋದರೆ ಜಾಗವೂ ಸಿಗುತ್ತದೆ, ಸುರಿಯುವವರಿಗೆ ಮಾತನಾಡಲು ಪುರಸೊತ್ತೂ ಇರುತ್ತದೆ.

ಖರ್ಚೆಷ್ಟು?

ನಾಪಾದಲ್ಲಿ ಒಂದು ಟೇಸ್ಟಿಂಗ್‌ಗೆ ಒಬ್ಬರಿಗೆ 40ರಿಂದ 80 ಡಾಲರ್ ಸಾಮಾನ್ಯ, ಹೆಸರುವಾಸಿ ಕಡೆ ನೂರು ದಾಟುತ್ತದೆ. ಸೊನೋಮಾದಲ್ಲಿ ಇದಕ್ಕಿಂತ ಕಡಿಮೆ. ಬಾಟಲಿ ಕೊಂಡರೆ ಶುಲ್ಕ ಬಿಡುವವರೂ ಇದ್ದಾರೆ, ಕೇಳಿ ನೋಡಿ. ಒಂದು ಟೇಸ್ಟಿಂಗನ್ನು ಇಬ್ಬರು ಹಂಚಿಕೊಳ್ಳಲು ಕೆಲವು ಕಡೆ ಒಪ್ಪುತ್ತಾರೆ. ಗಂಡ ಹೆಂಡತಿ ಒಂದೇ ಲೋಟದಲ್ಲಿ ಕುಡಿದರೆ ಅಲ್ಲಿ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಯಾವ ತಿಂಗಳು ಒಳ್ಳೆಯದು?

ಆಗಸ್ಟ್‌ನಿಂದ ಅಕ್ಟೋಬರ್ ಸುಗ್ಗಿಕಾಲ. ಇಡೀ ಕಣಿವೆಯಲ್ಲಿ ಹುಳಿಯುವ ದ್ರಾಕ್ಷಿಯ ವಾಸನೆ ಇರುತ್ತದೆ. ಜನವೂ ಹೆಚ್ಚು, ಬೆಲೆಯೂ ಹೆಚ್ಚು. ನನಗೆ ಇಷ್ಟವಾದದ್ದು ಫೆಬ್ರವರಿ. ಬಳ್ಳಿಗಳು ಎಲೆಯುದುರಿ ಕಪ್ಪು ಕೊರಡುಗಳಾಗಿ ನಿಂತಿರುತ್ತವೆ, ಸಾಲುಗಳ ನಡುವೆ ಸಾಸಿವೆ ಹೂ ಹಳದಿ ಹಾಸಿರುತ್ತದೆ. ನಮ್ಮತ್ತೆ ಅದನ್ನು ನೋಡಿ ಮೊದಲು ಕೇಳಿದ್ದು, ‘ಇಷ್ಟು ಸಾಸಿವೆ ಕುಯ್ದು ಏನು ಮಾಡುತ್ತಾರೆ?’ ಕುಯ್ಯುವುದಿಲ್ಲ, ಮಣ್ಣಿಗೇ ಸೇರಿಸುತ್ತಾರೆ ಎಂದಾಗ ಅವರಿಗೆ ಬಹಳ ಬೇಸರವಾಯಿತು.

ಯಾವ ತಿಂಗಳಾದರೂ ಒಂದು ಸ್ವೆಟರ್ ಇರಲಿ. ಸ್ಯಾನ್ ಪಾಬ್ಲೊ ಕೊಲ್ಲಿಯ ಮಂಜು ಬೆಳಿಗ್ಗೆ ಕಣಿವೆಯೊಳಕ್ಕೆ ನುಗ್ಗುತ್ತದೆ. ಕೊಲ್ಲಿಗೆ ಹತ್ತಿರವಿರುವುದರಿಂದ ದಕ್ಷಿಣದ ಕಾರ್ನೆರೊಸ್ ತಂಪು, ಉತ್ತರದ ಕ್ಯಾಲಿಸ್ಟೋಗ ಬಿಸಿ. ಅದಕ್ಕೇ ತಂಪು ಬೇಡುವ ಪೀನೋ ನ್ವಾರ್, ಶಾರ್ಡನೇ ದ್ರಾಕ್ಷಿ ತಳಿಗಳು ಕೆಳಗೆ, ಬಿಸಿಲು ಬೇಡುವ ಕ್ಯಾಬರ್ನೇ ಸೋವಿನ್ಯೋ ತಳಿ ಮೇಲೆ. ಪೀಪಾಯಿಗಳಿರುವ ಸುರಂಗಗಳೊಳಗಂತೂ ವರ್ಷವಿಡೀ ಸುಮಾರು 15 ಡಿಗ್ರಿ.

ಆ ಸುರಂಗಗಳಲ್ಲಿ ಒಂದನ್ನಾದರೂ ನೋಡಿ. 1862ರಲ್ಲಿ ಶುರುವಾದ ಶ್ರಾಮ್ಸ್‌ಬರ್ಗ್ ವೈನರಿಯ ಹಳೆಯ ಸುರಂಗಗಳನ್ನು ಚೀನೀ ಕೂಲಿಗಳು ಗುದ್ದಲಿ, ಪಿಕಾಸಿ ಹಿಡಿದು ಕೊರೆದರು. ನೂರು ವರ್ಷದ ಮೇಲೆ, 1972ರಲ್ಲಿ, ಅಧ್ಯಕ್ಷ ನಿಕ್ಸನ್ ಬೀಜಿಂಗ್‌ನಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಜೊತೆ ಲೋಟ ಎತ್ತಿದ್ದು ಇದೇ ವೈನರಿಯ ನೊರೆವೈನಿನೊಂದಿಗೆ. ಕೊರೆದವರ ಹೆಸರು ಯಾವ ಲೇಬಲ್ಲಿನಲ್ಲೂ ಇಲ್ಲ.

ಕಾರು ಯಾರು ಓಡಿಸಬೇಕು?

ಕುಡಿಯದವರು. ‘ರುಚಿ ನೋಡುವುದಷ್ಟೇ ಅಲ್ಲವೇ’ ಎಂಬ ವಾದ ಪೊಲೀಸರ ಮುಂದೆ ನಡೆಯುವುದಿಲ್ಲ. ರಕ್ತದಲ್ಲಿ ಆಲ್ಕೋಹಾಲ್ ಶೇಕಡ 0.08 ಮುಟ್ಟಿದರೆ ಅಪರಾಧ. ವೀಸಾದ ಮೇಲಿರುವವರಿಗೆ ಅದರ ತಲೆನೋವು ದಂಡಕ್ಕೇ ಮುಗಿಯುವುದಿಲ್ಲ. ಎಲ್ಲರೂ ಕುಡಿಯುವವರೇ ಆದರೆ ಚಾಲಕರನ್ನು ದಿನದ ಬಾಡಿಗೆಗೆ ಗೊತ್ತುಮಾಡಿ, ಇಲ್ಲವೇ ನಾಪಾದಿಂದ ಸೇಂಟ್ ಹೆಲೆನಾವರೆಗೆ ಹೋಗಿಬರುವ ವೈನ್ ಟ್ರೈನ್ ಹತ್ತಿ. ತೆರೆದ ಬಾಟಲಿಯನ್ನು ಕೂರುವ ಜಾಗದಲ್ಲಿ ಇಡುವಂತಿಲ್ಲ, ಡಿಕ್ಕಿಯಲ್ಲಿಡಬೇಕು.

ಗುರುತಿನ ಚೀಟಿ?

21 ತುಂಬಿರಬೇಕು. ಊರಿನಿಂದ ಬಂದವರು ಪಾಸ್‌ಪೋರ್ಟ್ ತನ್ನಿ. ತಲೆ ನರೆತಿದೆಯೆಂದು ಬಿಟ್ಟುಬಿಡುತ್ತಾರೆ ಎಂದುಕೊಳ್ಳಬೇಡಿ.

ಒಳಗೆ ಹೋದ ಮೇಲೆ ಏನು ಮಾಡಬೇಕು? ಉಗುಳುತ್ತಾರಂತೆ, ಅಸಹ್ಯವಲ್ಲವೇ?

ಬಿಳಿಯಿಂದ ಶುರುಮಾಡಿ ಕೆಂಪಿಗೆ, ಹಗುರದಿಂದ ಗಟ್ಟಿಗೆ ಬರುತ್ತಾರೆ. ಲೋಟವನ್ನು ಕಾಂಡದಲ್ಲಿ ಹಿಡಿಯಿರಿ, ಬುರುಡೆ ಹಿಡಿದರೆ ಅಂಗೈ ಬಿಸಿಗೆ ವೈನ್ ಕಾಯುತ್ತದೆ. ಮೇಜಿನ ಮೇಲಿಟ್ಟೇ ಎರಡು ಮೂರು ಸುತ್ತು ತಿರುಗಿಸಿ. ಗಾಳಿಯಲ್ಲಿ ತಿರುಗಿಸುವ ಶೋಕಿ ಆಮೇಲೆ, ಬಿಳಿ ಅಂಗಿ ಹಾಕದ ದಿನ. ಮೂಗು ಒಳಗಿಟ್ಟು ಚಿಕ್ಕದಾಗಿ ಮೂಸಿ, ಒಂದು ಗುಟುಕನ್ನು ಬಾಯಿಯ ಮೂಲೆ ಮೂಲೆಗೂ ಆಡಿಸಿ. ನುಂಗಿ, ಇಲ್ಲವೇ ಉಗುಳಿ.

ಉಗುಳುವುದು ಅಲ್ಲಿ ಮರ್ಯಾದೆಯ ಕೆಲಸ. ಎಲೆಯಡಿಕೆ ಹಾಕುವ ಮನೆಗಳಲ್ಲಿ ಹಿತ್ತಾಳೆಯ ಪೀಕದಾನಿ ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಮೇಜಿನ ಮೇಲೊಂದು ಪಾತ್ರೆ ಇಟ್ಟಿರುತ್ತಾರೆ, ಲೋಟದಲ್ಲಿ ಉಳಿದದ್ದನ್ನೂ ಅದಕ್ಕೇ ಸುರಿಯಬಹುದು. ದುಡ್ಡು ಕೊಟ್ಟದ್ದನ್ನು ಚೆಲ್ಲುವುದೇ ಎಂದು ನಮ್ಮವರ ಕೈ ತಡೆಯುತ್ತದೆ. ನೀವು ದುಡ್ಡು ಕೊಟ್ಟದ್ದು ರುಚಿ ನೋಡುವುದಕ್ಕೆ. ಹಿಡಿಸದ ವೈನನ್ನು ಸಂಕೋಚಕ್ಕೆ ಕುಡಿದು ಮುಗಿಸಿದರೆ ಮುಂದಿನ ಒಳ್ಳೆಯದಕ್ಕೆ ನಾಲಿಗೆಯೇ ಇರುವುದಿಲ್ಲ.

ಆ ದಿನ ಸೆಂಟು ಹಾಕಿಕೊಳ್ಳಬೇಡಿ, ಮಲ್ಲಿಗೆ ಮುಡಿಯಬೇಡಿ. ಪಕ್ಕದ ನಾಲ್ಕು ಜನರಿಗೆ ಲೋಟದಲ್ಲೂ ಮಲ್ಲಿಗೆಯೇ ಸಿಗುತ್ತದೆ.

ಅವರು ಹೇಳುವ ವಾಸನೆಗಳಲ್ಲಿ ಒಂದೂ ನನಗೆ ಸಿಗುವುದಿಲ್ಲವಲ್ಲ?

ಎಲ್ಲರೂ ಕೇಳುವ, ಆದರೆ ಮೆಲ್ಲಗೆ ಕೇಳುವ ಪ್ರಶ್ನೆ. ಸುರಿಯುವವರು ಸರಾಗವಾಗಿ ಬ್ಲ್ಯಾಕ್‌ಬೆರಿ, ಕಸ್ಸೀಸ್ (ಬ್ಲ್ಯಾಕ್‌ಕರಂಟ್ ಹಣ್ಣು), ಸೀಡರ್ ಎನ್ನುತ್ತಾ ಹೋಗುತ್ತಾರೆ. ನಾವು ತಲೆಯಾಡಿಸುತ್ತೇವೆ. ಕಸ್ಸೀಸ್ ತಿನ್ನದೆ ಬೆಳೆದ ನಾಲಿಗೆಗೆ ಕಸ್ಸೀಸ್ ಸಿಗುವುದಾದರೂ ಹೇಗೆ? ವಾಸನೆ ಎಂದರೆ ನೆನಪು. ಇಲ್ಲದ ನೆನಪನ್ನು ಸಾಲ ತರಲಾಗುವುದಿಲ್ಲ.

ನಮ್ಮತ್ತೆ ಸಾಗರದ ಕಡೆಯವರು. ಕುಡಿಯುವವರಲ್ಲ, ಆದರೆ ಅಂದು ಕುತೂಹಲಕ್ಕೆ ನನ್ನ ಲೋಟವನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ‘ನೇರಳೆ ಹಣ್ಣು’ ಎಂದರು. ಇನ್ನೊಮ್ಮೆ ಮೂಸಿ, ‘ಅಡಿಕೆ ಬೇಯಿಸಿದ ಚೊಗರು’ ಎಂದರು. ಮತ್ತೂ ಒಮ್ಮೆ ಮೂಸಿ, ‘ಅಮ್ಮನ ಸೀರೆ ಪೆಟ್ಟಿಗೆ’ ಎಂದರು. ನಾನು ಅದನ್ನು ಸುರಿಯುತ್ತಿದ್ದ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ತನ್ನ ಮುಂದಿದ್ದ ಕಾಗದ ತಿರುಗಿಸಿ ತೋರಿಸಿದಳು: ಕಪ್ಪು ಹಣ್ಣು, ಗಟ್ಟಿ ಟ್ಯಾನಿನ್, ಸೀಡರ್ ಮರ. ಅದೇ ಮೂರು ಮಾತು.

ಅಂದಿನಿಂದ ನಾನು ಅವರ ಪಟ್ಟಿ ಓದುವುದನ್ನು ಬಿಟ್ಟಿದ್ದೇನೆ. ಇಂಗ್ಲಿಷಿನವರು ‘ಟ್ಯಾನಿನ್’ ಎಂದು ರಸಾಯನದ ಹೆಸರು ಹಿಡಿದು ಹೇಳುವುದಕ್ಕೆ ನಮ್ಮಲ್ಲಿ ಒಗರು ಎಂಬ ರುಚಿಯೇ ಇದೆ. ದ್ರಾಕ್ಷಿಯ ಸಿಪ್ಪೆ, ಬೀಜ, ಪೀಪಾಯಿಯ ಮರ, ಈ ಮೂರರಿಂದ ಅದು ಬರುತ್ತದೆ; ಎಳೆಯ ಕ್ಯಾಬರ್ನೇ ಕುಡಿದಾಗ ಬಾಳೆಕಾಯಿ ಕಚ್ಚಿದಂತೆ ವಸಡು ಬಿಗಿಯುವುದು ಅದರಿಂದಲೇ. ಕೆಲವು ಕೆಂಪು ವೈನುಗಳಲ್ಲಿ ಹಸಿ ದೊಣ್ಣೆಮೆಣಸಿನಕಾಯಿ ಕತ್ತರಿಸಿದ ವಾಸನೆ ಬರುತ್ತದೆ. ಭ್ರಮೆಯಲ್ಲ, ಎರಡರಲ್ಲೂ ಇರುವ ವಸ್ತು ಒಂದೇ. ಸಿರಾ ಎಂಬ ದ್ರಾಕ್ಷಿಯ ಕೆಂಪು ವೈನಿನಲ್ಲಿ ಕಾಳುಮೆಣಸು ಸಿಕ್ಕರೆ ಅದೂ ನಿಜ. ಕಾಳುಮೆಣಸಿನ ಘಾಟಿನ ವಸ್ತುವೇ ಆ ದ್ರಾಕ್ಷಿಯ ಸಿಪ್ಪೆಯಲ್ಲಿದೆ. ಕ್ಯಾಲಿಫೋರ್ನಿಯಾದ ಶಾರ್ಡನೇಯಲ್ಲಿ ಬೆಣ್ಣೆ ಸಿಗುವುದು, ಹಾಲನ್ನು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾದ ನೆಂಟರು ಅದರ ಚೂಪು ಹುಳಿಯನ್ನು ಮಜ್ಜಿಗೆಯ ಮೆತ್ತನೆ ಹುಳಿಯಾಗಿಸುವುದರಿಂದ. ಗೆವುರ್ಟ್ಸ್‌ಟ್ರಾಮಿನರ್ ಎಂಬ ಬಿಳಿ ವೈನ್ ಸಿಕ್ಕರೆ ಮೂಸಿ ನೋಡಿ, ಗುಲ್ಕಂದ್ ಡಬ್ಬಿ ತೆಗೆದಂತಿರುತ್ತದೆ.

ಹುಳಿ, ಒಗರು, ಸಿಹಿ, ಖಾರ ಎಂದು ನಿಮಗೆ ಅನ್ನಿಸಿದ್ದನ್ನು ಹೇಳಿ. ಸುರಿಯುವವರಿಗೂ ಅದೇ ಬೇಕು. ದಿನವಿಡೀ ‘ನೈಸ್, ನೈಸ್’ ಕೇಳಿ ಅವರೂ ಬೇಸತ್ತಿರುತ್ತಾರೆ.

ಬೆಲೆ ಹೆಚ್ಚಿದ್ದರೆ ರುಚಿಯೂ ಹೆಚ್ಚೇ?

1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವೈನ್ ವ್ಯಾಪಾರಿ ಒಂಬತ್ತು ಮಂದಿ ಫ್ರೆಂಚ್ ತಜ್ಞರಿಗೆ ಹೆಸರು ಮರೆಸಿ ಫ್ರೆಂಚ್ ಮತ್ತು ಕ್ಯಾಲಿಫೋರ್ನಿಯಾ ವೈನುಗಳನ್ನು ಕೊಟ್ಟ. ಬಿಳಿಯಲ್ಲಿ ಮೊದಲು ಬಂದದ್ದು ಶಾಟೋ ಮೊಂಟೆಲೀನಾದ 1973ರ ಶಾರ್ಡನೇ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ 1973ರ ಕ್ಯಾಬರ್ನೇ. ಎರಡೂ ನಾಪಾದ ವೈನರಿಗಳು. ಸೋತವರಲ್ಲಿ ಫ್ರಾನ್ಸಿನ ಮೂತೊ ರಾಥ್‌ಶೀಲ್ಡ್‌ನಂಥ ಘಟಾನುಘಟಿಗಳಿದ್ದರು; ಗೆದ್ದ ಕೆಂಪಿನ ದ್ರಾಕ್ಷಿ ಕುಯ್ದಾಗ ಅದರ ಬಳ್ಳಿಗಳಿಗೆ ಮೂರೇ ವರ್ಷ. ಕಣಿವೆಯ ಇಂದಿನ ಬೆಲೆಗಳು ಶುರುವಾದದ್ದೇ ಆ ಮಧ್ಯಾಹ್ನ ಎನ್ನಬಹುದು. ಹೆಸರು ಮುಚ್ಚಿದರೆ ತಜ್ಞರ ನಾಲಿಗೆಯೂ ತಡವರಿಸುತ್ತದೆ ಎಂದು ತೋರಿಸಿಯೇ ಮೇಲೆ ಬಂದ ನಾಪಾ ಈಗ ತನ್ನ ಹೆಸರನ್ನೇ ದುಬಾರಿಗೆ ಮಾರುತ್ತಿದೆ. ಎರಡೂ ವೈನರಿಗಳನ್ನು ನೋಡಬಹುದು. ಮೊಂಟೆಲೀನಾದ ಕಲ್ಲಿನ ಕಟ್ಟಡ ಮತ್ತು ಕೊಳ ಬಲು ಚೆಂದ.

ಲೇಬಲ್ಲಿನಲ್ಲಿ ‘ನಾಪಾ ವ್ಯಾಲಿ’ ಎಂದಿದ್ದರೆ ಕನಿಷ್ಠ ಶೇಕಡ 85ರಷ್ಟು ದ್ರಾಕ್ಷಿ ಅಲ್ಲಿಯದೇ ಆಗಿರಬೇಕು. ‘ರಿಸರ್ವ್’ ಎಂಬ ಪದಕ್ಕೆ ಮಾತ್ರ ಅಮೆರಿಕದ ಕಾನೂನಿನಲ್ಲಿ ಅರ್ಥವೇ ಇಲ್ಲ. ಅದಕ್ಕೆಂದು ಹೆಚ್ಚು ದುಡ್ಡು ಕೊಡುವ ಮುಂಚೆ ರುಚಿ ನೋಡಿ.

ನಾವು ಸಸ್ಯಾಹಾರಿಗಳು. ವೈನ್ ಸಸ್ಯಾಹಾರವೇ?

ಯಾವಾಗಲೂ ಅಲ್ಲ. ವೈನನ್ನು ತಿಳಿಯಾಗಿಸಲು ಕೆಲವರು ಮೊಟ್ಟೆಯ ಬಿಳಿ, ಜೆಲಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಬಳಸುತ್ತಾರೆ. ಅವು ಗಸಿಯ ಜೊತೆ ತಳಕ್ಕಿಳಿದು ಹೊರಗೆ ಹೋಗುತ್ತವೆ, ಲೇಬಲ್ಲಿನಲ್ಲಿ ಬರೆದಿರುವುದು ಅಪರೂಪ. ಬೆಂಟೊನೈಟ್ ಎಂಬ ಜೇಡಿಮಣ್ಣು ಬಳಸುವವರೂ, ಏನೂ ಹಾಕದೆ ‘ಅನ್‌ಫೈನ್ಡ್’ ಎಂದು ಬರೆಯುವವರೂ ಇದ್ದಾರೆ. ಕೇಳಿದರೆ ನೇರವಾಗಿ ಹೇಳುತ್ತಾರೆ. ಜೊತೆಗೆ ಕೊಡುವ ಚೀಸ್ ಬಗ್ಗೆಯೂ ಕೇಳಿ, ಕರುವಿನ ಹೊಟ್ಟೆಯ ರೆನೆಟ್‌ನಿಂದ ಹೆಪ್ಪು ಹಾಕಿದ್ದು ಇರುತ್ತದೆ.

ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೋಗುವ ಆಸೆ ನಾಪಾದಲ್ಲಿ ಅಷ್ಟಾಗಿ ನಡೆಯುವುದಿಲ್ಲ, ಹೊರಗಿನ ಊಟಕ್ಕೆ ಹೆಚ್ಚಿನ ಕಡೆ ಬಿಡುವುದಿಲ್ಲ. ಸೇಂಟ್ ಹೆಲೆನಾದ ವಿ. ಸಟೂಯಿಯಲ್ಲಿ ಮರದ ನೆರಳಲ್ಲಿ ಕೂತು ತಿನ್ನಬಹುದು, ಆದರೆ ಅವರ ಅಂಗಡಿಯದ್ದೇ ಕೊಳ್ಳಬೇಕು. ಖಾರದ ಊಟಕ್ಕೆ ಒಗರು ಹೆಚ್ಚಿರುವ ಕೆಂಪು ಸಲ್ಲ, ಬಾಯಿ ಉರಿಯುತ್ತದೆ. ನಮ್ಮ ಅಡುಗೆಗೆ ನೊರೆವೈನೋ ರೀಸ್ಲಿಂಗ್ ಎಂಬ ತುಸು ಸಿಹಿಯ ಬಿಳಿ ವೈನೋ ಹೊಂದುತ್ತದೆ.

ಅಪ್ಪ ಅಮ್ಮ ಕುಡಿಯುವುದಿಲ್ಲ. ಮಕ್ಕಳೂ ಇದ್ದಾರೆ. ಎಲ್ಲರನ್ನೂ ಕರೆದೊಯ್ಯಬಹುದೇ?

ಹಿರಿಯರನ್ನು ಧಾರಾಳವಾಗಿ. ಅವರಿಗೆ ಬೇಕಾದದ್ದು ತೋಟ. ಕಸಿ ಕಟ್ಟಿದ ಗಂಟನ್ನು ತೋರಿಸಿ: ಬೇರನ್ನು ಕೊಲ್ಲುವ ಫಿಲೊಕ್ಸೆರಾ ಹೇನಿನ ಕಾಟಕ್ಕೆ ಬುಡ ಅಮೆರಿಕದ್ದು, ತಲೆ ಯುರೋಪಿನದ್ದು. ತೋಟ ಮಾಡಿದ ಅಪ್ಪಂದಿರು ಅಲ್ಲಿಂದ ಕದಲುವುದಿಲ್ಲ. ಮಕ್ಕಳ ವಿಷಯ ಮೊದಲೇ ಕೇಳಿಕೊಳ್ಳಿ, 21ರ ಕೆಳಗಿನವರನ್ನು ಬಿಡದ ವೈನರಿಗಳಿವೆ. ಕ್ಯಾಲಿಸ್ಟೋಗದ ಕ್ಯಾಸ್ಟೆಲೊ ದಿ ಅಮೊರೋಸಾ 2007ರಲ್ಲಿ ಬಾಗಿಲು ತೆರೆದ 107 ಕೋಣೆಗಳ ಹೊಸ ‘ಹಳೇ ಕೋಟೆ’. ನನಗೆ ನಾಟಕದ ಪರದೆಯಂತೆ ಕಾಣುತ್ತದೆ. ಮಕ್ಕಳಿಗೆ ಮಾತ್ರ ಕಂದಕ, ಬುರುಜು, ದ್ರಾಕ್ಷಿ ರಸ ಸಿಕ್ಕರೆ ಸ್ವರ್ಗ.

ರುಚಿ ನೋಡಿದ ಮೇಲೆ ಕೊಳ್ಳಲೇಬೇಕೇ?

ಇಲ್ಲ. ಶುಲ್ಕ ಕೊಟ್ಟಿದ್ದೀರಿ, ಋಣ ತೀರಿತು. ನಾಲ್ಕನೆಯ ಲೋಟದ ಹೊತ್ತಿಗೆ ಸರಿಯಾಗಿ ಬರುವ ವೈನ್ ಕ್ಲಬ್ಬಿನ ಅರ್ಜಿಗೆ ಮಾತ್ರ ಅಲ್ಲೇ ಸಹಿ ಹಾಕಬೇಡಿ. ಒಮ್ಮೆ ಹಾಕಿದ ನನ್ನ ಮನೆಗೆ ಒಂದೂವರೆ ವರ್ಷ ಪೆಟ್ಟಿಗೆಗಳು ಬರುತ್ತಲೇ ಇದ್ದವು.

ನಂದಿ ಬೆಟ್ಟದ ವೈನ್ ನೋಡಿದ್ದೇವೆ. ಇಲ್ಲಿ ಬೇರೇನಿದೆ?

ಚಳಿಗಾಲ. ಇಲ್ಲಿ ಬಳ್ಳಿ ವರ್ಷಕ್ಕೊಮ್ಮೆ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆ ಇಲ್ಲದ್ದರಿಂದ ವರ್ಷಕ್ಕೆರಡು ಸಲ ಚಾಟನಿ ಮಾಡಿ, ಮಳೆ ತಪ್ಪಿಸಿ, ಬೇಸಿಗೆಯ ಬಾಗಿಲಲ್ಲಿ ಕುಯ್ಯುತ್ತಾರೆ. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಕುಟುಂಬ 1988ರಲ್ಲಿ ಶುರುಮಾಡಿದ ವೈನರಿಗೂ ನಾಪಾಕ್ಕೂ ಒಂದು ಕೊಂಡಿ ಇದೆ: ಫ್ರಾನ್ಸಿನ ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾನ್ ಎರಡೂ ಕಡೆ ಸಲಹೆಗಾರರಾಗಿದ್ದವರು. ಚಪ್ಪರದ ಮೇಲೆ ಬೆಳೆಯುವ ನಮ್ಮ ಬೆಂಗಳೂರು ಬ್ಲೂ ಮಾತ್ರ ಅಮೆರಿಕದ ಕಾಡುದ್ರಾಕ್ಷಿಯ ರಕ್ತದ್ದು. ಅದರ ಘಮವನ್ನು ಇಲ್ಲಿನವರು ‘ಫಾಕ್ಸಿ’ ಎಂದು ಮೂಗು ಮುರಿಯುತ್ತಾರೆ. ನನಗೆ ಅದು ಬೇಸಿಗೆ ರಜೆಯ ವಾಸನೆ.

ಊರಿಗೆ ಎಷ್ಟು ಬಾಟಲಿ ಒಯ್ಯಬಹುದು?

ಭಾರತದ ಸುಂಕದವರು ಒಬ್ಬರಿಗೆ ಎರಡು ಲೀಟರ್ ಬಿಡುತ್ತಾರೆ. 750 ಮಿಲಿಯ ಎರಡು ಬಾಟಲಿಗೆ ಒಂದೂವರೆ ಲೀಟರ್ ಆಯಿತು, ಮೂರನೆಯದು ಗೆರೆ ದಾಟುತ್ತದೆ. ಚೆಕ್-ಇನ್ ಪೆಟ್ಟಿಗೆಯಲ್ಲೇ ಇಡಬೇಕು. ಹಳೆಯ ಪಂಚೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಪೆಟ್ಟಿಗೆಯ ನಟ್ಟನಡುವೆ ಇಡಿ. ಅದಕ್ಕೂ ಮೊದಲು, ಕೊಂಡ ದಿನ ಆಗಸ್ಟ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ, ವೈನ್ ಬೆಂದುಹೋಗುತ್ತದೆ.

ಮನೆ ಮುಟ್ಟಿದ ಮೇಲೆ ತಂಪು ಮೂಲೆಯಲ್ಲಿ ಮಲಗಿಸಿಡಿ. ನಿಲ್ಲಿಸಿದರೆ ಬಿರಡೆ ಒಣಗಿ ಗಾಳಿ ಒಳಗೆ ಹೋಗುತ್ತದೆ. ನಾನು ಕೊಟ್ಟ ಒಳ್ಳೆಯ ಕ್ಯಾಬರ್ನೇ ಒಂದನ್ನು ನಮ್ಮ ಭಾವ ಮೈಸೂರಿನ ಮನೆಯ ಶೋಕೇಸಿನಲ್ಲಿ, ದಸರಾ ಗೊಂಬೆಗಳ ಪಕ್ಕದಲ್ಲಿ, ಆರು ವರ್ಷದಿಂದ ನೆಟ್ಟಗೆ ನಿಲ್ಲಿಸಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರೆ. ಲೇಬಲ್ ಇನ್ನೂ ಹೊಚ್ಚ ಹೊಸದಾಗಿಯೇ ಇದೆ.